ಆರ್ಚರ್ಡ್ ಸ್ಟ್ರೀಟಿನ ವಠಾರ: ನ್ಯೂಯಾರ್ಕಿನ ಟೆನೆಮೆಂಟ್ ಮ್ಯೂಸಿಯಂ ಟೂರ್ ಹೇಗಿದೆ?

ನ್ಯೂಯಾರ್ಕಿಗೆ ಹೋಗ್ತಾ ಇದ್ದೀನಿ, ಏನು ನೋಡಬೇಕು ಅಂತ ಯಾರೇ ಕೇಳಿದರೂ ನಾನು ಮೊದಲು ಹೇಳೋದು ಟೆನೆಮೆಂಟ್ ಮ್ಯೂಸಿಯಂ. ಎರಡು ಸಲ ಹೋಗಿ ಬಂದಿದ್ದೇನೆ. 2019ರಲ್ಲಿ ಅಮ್ಮನ ಜೊತೆ, ಆಮೇಲೆ ತಂಗಿಯ ಜೊತೆ. ತಂಗಿ ಆ ಕಡೆಯೇ ಒಂದು ಆಸ್ಪತ್ರೆಯಲ್ಲಿ ನರ್ಸ್. ಅಮ್ಮ ಮೂವತ್ತು ವರ್ಷಕ್ಕಿಂತ ಜಾಸ್ತಿ ಮನೆಯಲ್ಲೇ ಬಟ್ಟೆ ಹೊಲಿದು ನಮ್ಮಿಬ್ಬರನ್ನು ಓದಿಸಿದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಮ್ಯೂಸಿಯಮ್ಮನ್ನು ನಾನು ಅರ್ಧ ನೋಡಿದ್ದು ಅಮ್ಮನ ಕಣ್ಣಿನಿಂದ.

ಟೆನೆಮೆಂಟ್ ಅಂದರೆ ನಮ್ಮ ವಠಾರ ಅಂದುಕೊಳ್ಳಿ. ಐದು ಅಂತಸ್ತು, ಒಂದೊಂದು ಮಹಡಿಗೆ ನಾಲ್ಕು ಮನೆ. ಒಂದು ಮನೆ ಅಂದರೆ ಮೂರು ಕೋಣೆ, ಎಲ್ಲಾ ಸೇರಿ ಸುಮಾರು 325 ಚದರ ಅಡಿ. ವಿಳಾಸ 97, ಆರ್ಚರ್ಡ್ ಸ್ಟ್ರೀಟ್. ಮ್ಯಾನ್‌ಹ್ಯಾಟನ್ನಿನ ಲೋಯರ್ ಈಸ್ಟ್ ಸೈಡ್. 1863ರಲ್ಲಿ ಕಟ್ಟಿದ್ದು. 1935ರವರೆಗೆ ಇಪ್ಪತ್ತಕ್ಕೂ ಹೆಚ್ಚು ದೇಶಗಳಿಂದ ಬಂದ ಸುಮಾರು 7,000 ಜನ ಇಲ್ಲಿ ಬಾಡಿಗೆಗೆ ಇದ್ದು ಹೋದರು. 1930ರ ದಶಕದಲ್ಲಿ ವಸತಿ ಕಾನೂನು ಬಿಗಿಯಾಯಿತು. ಬೆಂಕಿ ಹತ್ತದ ಹಾಗೆ ಮೆಟ್ಟಿಲು, ಓಣಿ ಎಲ್ಲಾ ಸರಿಮಾಡಿಸಬೇಕಿತ್ತು. ಆ ಖರ್ಚು ಬೇಡ ಅಂತ ಮಾಲೀಕ ಬಾಡಿಗೆದಾರರನ್ನೇ ಖಾಲಿ ಮಾಡಿಸಿದ. ಕೆಳಗಿನ ಅಂಗಡಿಗಳು ನಡೆಯುತ್ತಿದ್ದವು, ಮೇಲಿನ ಮನೆಗಳು ಹಾಗೇ ಮುಚ್ಚಿಕೊಂಡು ಉಳಿದವು. 1988ರಲ್ಲಿ ರೂತ್ ಅಬ್ರಾಮ್ ಮತ್ತು ಅನಿತಾ ಜೇಕಬ್ಸನ್ ಅನ್ನುವ ಇಬ್ಬರು ಹೆಂಗಸರು ಮ್ಯೂಸಿಯಂ ಮಾಡಬೇಕು ಅಂತ ಜಾಗ ಹುಡುಕುವಾಗ ಈ ಕಟ್ಟಡ ಕಣ್ಣಿಗೆ ಬಿತ್ತು. ಅರ್ಧ ಶತಮಾನ ಯಾರೂ ವಾಸವಿರದ ಮನೆಗಳು. ಪದರದ ಮೇಲೆ ಪದರ ಅಂಟಿಸಿದ ಗೋಡೆ ಕಾಗದ ಕೂಡ ಹಾಗೇ ಇತ್ತು.

ಇಲ್ಲಿ ಒಂದು ಮಾತು. ಮೊದಲ ಸಲ ಹೋದಾಗ, ಹಿಂದಿನ ದಿನವೇ ಬೇರೊಂದು ಏಜೆನ್ಸಿಗೆ ದುಡ್ಡು ಕಟ್ಟಿ ಇದೇ ಏರಿಯಾದ ವಾಕಿಂಗ್ ಟೂರ್ ಮಾಡಿದ್ದೆವು. "ವಲಸಿಗರ ನ್ಯೂಯಾರ್ಕ್" ಅಂತ ದೊಡ್ಡದಾಗಿ ಬರೆದಿದ್ದರು. ಎರಡು ಗಂಟೆಯಲ್ಲಿ ತೋರಿಸಿದ್ದು ತಿಂಡಿ ಅಂಗಡಿಗಳು, ಫೋಟೋ ತೆಗೆಯುವ ಗೋಡೆಗಳು, ರೌಡಿಗಳ ಕಥೆಗಳು. ಅಷ್ಟೇ. ಆ ಜನ ಬೆಳಗ್ಗೆಯಿಂದ ರಾತ್ರಿವರೆಗೆ ಏನು ಕೆಲಸ ಮಾಡ್ತಿದ್ದರು, ಯಾರಿಗೆ ಮಾಡ್ತಿದ್ದರು, ಎಷ್ಟು ಸಿಗ್ತಿತ್ತು, ಒಂದು ಮಾತೂ ಇಲ್ಲ. ಅಮ್ಮನಿಗೆ ಕಾಲು ನೋವು ಬಂದಿದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ದಯವಿಟ್ಟು ಅಂಥ ಟೂರಿಗೆ ದುಡ್ಡು ಹಾಕಬೇಡಿ. ಮರುದಿನ ಮ್ಯೂಸಿಯಮ್ಮಿನಲ್ಲಿ ಒಂದು ಗಂಟೆ ಕಳೆದ ಮೇಲೆ, ಅದೇ ರಸ್ತೆ ನಮಗೆ ಬೇರೆಯಾಗಿಯೇ ಕಂಡಿತು.

ಕಟ್ಟಡದ ಒಳಗೆ ಸುಮ್ನೆ ಹೋಗಿ ಸುತ್ತಾಡಿ ಬರೋಕೆ ಆಗಲ್ಲ. ಗೈಡ್ ಜೊತೆ, ಚಿಕ್ಕ ಗುಂಪಿನಲ್ಲಿ, ಹೊತ್ತು ನಿಗದಿಯಾದ ಟೂರ್. ಬೇರೆ ಬೇರೆ ಟೂರಿನಲ್ಲಿ ಬೇರೆ ಬೇರೆ ಮನೆ ತೋರಿಸುತ್ತಾರೆ, ಅದೂ ಆಗಾಗ ಬದಲಾಗುತ್ತದೆ. ಹಾಗಾಗಿ ಟಿಕೆಟ್ ತಗೊಳ್ಳುವ ಮುಂಚೆ ಯಾವ ಟೂರಿನಲ್ಲಿ ಯಾರ ಮನೆ ಅಂತ ಓದಿಕೊಳ್ಳಿ. ನಿಮಗೆ ಕೆಲಸ, ಕೂಲಿ, ಸಂಸಾರ ಇವುಗಳ ಬಗ್ಗೆ ಆಸಕ್ತಿ ಇದ್ದರೆ ಹೊಲಿಗೆ ಕೆಲಸದವರ ಮನೆ ಇರುವ ಟೂರನ್ನೇ ಆರಿಸಿ.

ನಾವು 2019ರಲ್ಲಿ ನೋಡಿದ್ದು ಲೆವೈನ್ ಅವರ ಮನೆ. ಹ್ಯಾರಿಸ್ ಮತ್ತು ಜೆನ್ನಿ ಲೆವೈನ್, ಪೋಲೆಂಡಿನಿಂದ ಬಂದ ಯಹೂದಿ ದಂಪತಿ. 1890ರ ದಶಕದಲ್ಲಿ ಇದೇ 325 ಅಡಿಯಲ್ಲಿ ಅವರ ಸಂಸಾರವೂ ಇತ್ತು, ಹೆಂಗಸರ ಉಡುಪು ಹೊಲಿಯುವ ಕಾರ್ಖಾನೆಯೂ ಇತ್ತು. ಮುಂದಿನ ಕೋಣೆಯ ಕಿಟಕಿ ಪಕ್ಕ ಮಷಿನ್, ಯಾಕೆಂದರೆ ಬೆಳಕು ಬರುತ್ತಿದ್ದದ್ದು ಅಲ್ಲಿಂದ ಮಾತ್ರ. ಒಬ್ಬರು ಕಚ್ಚಾ ಹೊಲಿಗೆ ಹಾಕಿ ಕೊಡಬೇಕು, ಮಷಿನ್ ಮೇಲೆ ಕೂತವರು ಹೊಲಿಯಬೇಕು, ಇನ್ನೊಬ್ಬರು ಅಂಚು, ಗುಂಡಿ ಅಂತ ಕೈಹೊಲಿಗೆ ಮುಗಿಸಬೇಕು. ಕೊನೆಗೆ ಇಸ್ತ್ರಿ. ಇಸ್ತ್ರಿಯವನು ನಿಲ್ಲುತ್ತಿದ್ದದ್ದು ಅಡುಗೆಮನೆಯಲ್ಲಿ. ಇದ್ದಲಿನ ಒಲೆಯ ಮೇಲೇ ಇಸ್ತ್ರಿ ಪೆಟ್ಟಿಗೆ ಕಾಯಬೇಕು. ಅದೇ ಒಲೆಯ ಮೇಲೆ ಜೆನ್ನಿಯ ಅಡುಗೆ. ಬಗಲಲ್ಲಿ ಕೂಸು.

ಗೈಡ್ ಇದನ್ನೆಲ್ಲಾ ಹೇಳುವಾಗ ಅಮ್ಮ ಒಲೆಯ ಮೇಲಿನ ಇಸ್ತ್ರಿ ಪೆಟ್ಟಿಗೆಗಳನ್ನೇ ನೋಡ್ತಾ ನಿಂತಿದ್ದಳು. ಆಮೇಲೆ ನನ್ನ ಕಿವಿಯಲ್ಲಿ, "ಒಂದರಿಂದ ಆಗಲ್ಲ. ಹತ್ತು ಸಲ ಉಜ್ಜುವಷ್ಟರಲ್ಲಿ ಆರಿಹೋಗುತ್ತೆ. ಮೂರು ನಾಲ್ಕು ಬೇಕು, ಒಂದು ಕೈಯಲ್ಲಿ, ಉಳಿದಿದ್ದು ಒಲೆ ಮೇಲೆ. ಅಂದ್ರೆ ಅವಳಿಗೆ ಪಾತ್ರೆ ಇಡೋಕೆ ಎಷ್ಟು ಜಾಗ ಉಳೀತು?" ಅಂದಳು. ನಾನು ಅದನ್ನು ಇಂಗ್ಲಿಷಿನಲ್ಲಿ ಗೈಡಿಗೆ ಹೇಳಿದೆ. ಆಕೆ ಇಡೀ ಗುಂಪಿಗೆ ಮತ್ತೆ ಹೇಳಿದಳು, ಎಲ್ಲರೂ ಒಲೆ ಕಡೆ ತಿರುಗಿದರು. ಬೇಸಿಗೆಯಲ್ಲೂ ಆ ಒಲೆ ಆರಿಸುವ ಹಾಗಿರಲಿಲ್ಲ.

ಈಗ ನಾನು ಯಾಕೆ ಇದನ್ನು ಇಷ್ಟು ಉದ್ದ ಬರೀತಾ ಇದ್ದೀನಿ ಅಂದರೆ, "ಹೊರಗಿನಿಂದ ಬಂದವರು ನಮ್ಮ ಕೆಲಸ ಕಿತ್ಕೊಂಡರು" ಅನ್ನುವ ಮಾತು ಎಲ್ಲಾ ದೇಶದಲ್ಲೂ ಕೇಳುತ್ತದೆ, ಅಮೆರಿಕದಲ್ಲಿ ಇವತ್ತಿಗೂ ದಿನಾ ಕೇಳುತ್ತದೆ. ಆ ಮಾತನ್ನು ಇಟ್ಟುಕೊಂಡು ಈ ಒಂದು ಮನೆಯಲ್ಲಿ ನಿಂತು ನೋಡಿ. ಲೆವೈನ್ ದಂಪತಿ ಬಂದು ಯಾರ ಕೆಲಸ ಕಿತ್ತುಕೊಂಡರು? ಅವರು ಮನೆಯೊಳಗೇ ಒಂದಷ್ಟು ಜನಕ್ಕೆ ಕೆಲಸ ಕೊಟ್ಟರು. ದಾರ, ಸೂಜಿ, ಇದ್ದಲು ಕೊಂಡರು. ಮಷಿನ್ ಮಾರಿದವನಿಗೆ ವ್ಯಾಪಾರ ಆಯಿತು. ಮಾಲೀಕನಿಗೆ ಬಾಡಿಗೆ ಬಂತು. ಅಷ್ಟೇ ಏಕೆ, ಈ ಕಟ್ಟಡ ಕಟ್ಟಿಸಿದ ಲುಕಾಸ್ ಗ್ಲಾಕ್ನರ್ ಕೂಡ ಜರ್ಮನಿಯಿಂದ ಬಂದ ಒಬ್ಬ ದರ್ಜಿ! ಹೊಲಿದು ಕೂಡಿಟ್ಟ ದುಡ್ಡನ್ನು ಇಟ್ಟಿಗೆಗೆ ಹಾಕಿದ, ತಾನೂ ಇದೇ ವಠಾರದಲ್ಲಿ ವಾಸ ಮಾಡಿದ. ನೆಲಮಾಳಿಗೆಯಲ್ಲಿ ಷ್ನೈಡರ್ ಅನ್ನುವ ಜರ್ಮನ್ ದಂಪತಿ 1864ರಿಂದ ಬಿಯರ್ ಅಂಗಡಿ ನಡೆಸುತ್ತಿದ್ದರು. ಗಿರಾಕಿಗಳು ಯಾರು? ಸುತ್ತಮುತ್ತಲಿನ ಜರ್ಮನ್ ಕೆಲಸಗಾರರು. ಒಬ್ಬ ಬಂದವನ ಹಿಂದೆ ಇನ್ನೊಬ್ಬ ಬಂದವನಿಗೆ ಕೆಲಸ ಹುಟ್ಟುತ್ತಾ ಹೋಯಿತು. ಒಂದೇ ಕಟ್ಟಡದಲ್ಲಿ ಮೇಲೆ ಕೆಳಗೆ ಓಡಾಡಿದರೆ ಇದು ಕಣ್ಣಿಗೆ ಕಾಣುತ್ತದೆ, ಅಂಕಿಅಂಶದ ಪುಸ್ತಕ ಬೇಡ.

ಅಂಕಿ ಬೇಕು ಅನ್ನುವವರಿಗೆ ಒಂದು ಹೇಳುತ್ತೇನೆ. 1910ರ ಹೊತ್ತಿಗೆ ಇಡೀ ಅಮೆರಿಕದ ಹೆಂಗಸರ ಸಿದ್ಧ ಉಡುಪಿನಲ್ಲಿ ಶೇಕಡಾ 70ರಷ್ಟು ನ್ಯೂಯಾರ್ಕ್ ಒಂದರಲ್ಲೇ ತಯಾರಾಗುತ್ತಿತ್ತು. ಅದನ್ನು ಹೊಲಿದವರಲ್ಲಿ ಬಹುಪಾಲು ರಷ್ಯಾ, ಪೋಲೆಂಡ್ ಕಡೆಯ ಯಹೂದಿಗಳು ಮತ್ತು ಇಟಲಿಯವರು. ಅದಕ್ಕೆ ಮುಂಚೆ ಬಟ್ಟೆ ಅಂದರೆ ಮನೆಯಲ್ಲೇ ಹೊಲಿದುಕೊಳ್ಳಬೇಕು, ಇಲ್ಲಾ ದರ್ಜಿ ಹತ್ತಿರ ಅಳತೆ ಕೊಡಬೇಕು. ಅಂಗಡಿಗೆ ಹೋಗಿ ತನ್ನ ಸೈಜಿನ ಬಟ್ಟೆ ಎತ್ತಿಕೊಂಡು ಬರುವುದು ಸಾಮಾನ್ಯ ಸಂಬಳದವರಿಗೂ ಸಾಧ್ಯವಾಗಿದ್ದು ಇಂಥ ಮನೆಗಳಿಂದ, ಇಂಥ ಕೈಗಳಿಂದ.

ಇನ್ನೊಂದು ಮನೆ ರೊಗಾರ್ಶೆವ್ಸ್ಕಿ ಅವರದು. ಲಿಥುವೇನಿಯಾದಿಂದ ಬಂದವರು. ಅಷ್ಟರಲ್ಲಿ ಕೆಲಸ ಮನೆಯಿಂದ ಕಾರ್ಖಾನೆಗೆ ಹೋಗಿತ್ತು. ಗಂಡ ಅಬ್ರಹಾಂ ಬಟ್ಟೆ ಕಾರ್ಖಾನೆಯಲ್ಲಿ ಇಸ್ತ್ರಿ ಕೆಲಸ ಮಾಡಿ ಕ್ಷಯ ಹಿಡಿದು 1918ರಲ್ಲಿ ತೀರಿಕೊಂಡ. ಕ್ಷಯವನ್ನು ಆಗ ದರ್ಜಿಗಳ ಕಾಯಿಲೆ ಅಂತಲೇ ಕರೆಯುತ್ತಿದ್ದರಂತೆ. ಹೆಂಡತಿ ಫ್ಯಾನಿ ಇದೇ ಕಟ್ಟಡದ ಗುಡಿಸುವ, ಸಾರಿಸುವ ಕೆಲಸ ಹಿಡಿದು ಬಾಡಿಗೆ ಉಳಿಸಿಕೊಂಡಳು. ಈ ಮನೆಯಲ್ಲಿ ಜಾಸ್ತಿ ಮಾತು ಬೇಕಾಗಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ಈ ಟೂರಿನಲ್ಲಿ ತುಂಬಾ ಹಿಡಿಸಿದ್ದು ಇದೇ. ದುಡಿದರು, ಮೇಲೆ ಬಂದರು, ಎಲ್ಲಾ ಸುಖವಾಯಿತು ಅಂತ ಕಥೆ ಕಟ್ಟುವುದಿಲ್ಲ. ಕೂಲಿ ಕಡಿಮೆ ಇತ್ತು, ಹೊತ್ತು ಗೊತ್ತು ಇರಲಿಲ್ಲ, ಬೇಗ ಸತ್ತರು, ಅದನ್ನೂ ಅಷ್ಟೇ ನೇರವಾಗಿ ಹೇಳುತ್ತಾರೆ. ಆ ಕಟ್ಟಡಕ್ಕೆ ಒಳಗೆ ಕಕ್ಕಸು ಬಂದಿದ್ದೇ 1905ರಲ್ಲಿ, ಅದೂ 1901ರ ಕಾನೂನು ಬಂದ ಮೇಲೆ, ಅದೂ ಎರಡು ಮನೆಗೆ ಒಂದು. ಅದಕ್ಕೆ ಮುಂಚೆ ಎಲ್ಲರೂ ಹಿತ್ತಲಿಗೆ ಇಳಿಯಬೇಕಿತ್ತು.

ಟೂರ್ ಮುಗಿದ ಮೇಲೆ ನಾವು ವಾಷಿಂಗ್ಟನ್ ಸ್ಕ್ವೇರ್ ಕಡೆಗೂ ಹೋದೆವು. ಅಲ್ಲಿಂದ ಒಂದು ರಸ್ತೆ ಆಚೆ ಹೆಂಗಸರ ಬ್ಲೌಸ್ ಹೊಲಿಯುವ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆ ಇದ್ದ ಕಟ್ಟಡ ಇನ್ನೂ ನಿಂತಿದೆ. 1911ರ ಮಾರ್ಚ್ 25ರಂದು ಅಲ್ಲಿ ಬೆಂಕಿ ಬಿದ್ದು 146 ಜನ ಸತ್ತರು. ಹೆಚ್ಚಿನವರು ಹದಿಹರೆಯದ, ಇಪ್ಪತ್ತರ ಆಸುಪಾಸಿನ ವಲಸೆ ಹುಡುಗಿಯರು. ಒಂದು ಬಾಗಿಲಿಗೆ ಬೀಗ ಹಾಕಿತ್ತು. ಅದಕ್ಕೆ ಹದಿನಾರು ತಿಂಗಳು ಮುಂಚೆ, 1909ರ ನವೆಂಬರಿನಲ್ಲಿ, ಕೂಪರ್ ಯೂನಿಯನ್ ಅನ್ನುವ ಕಾಲೇಜಿನಲ್ಲಿ ನಡೆದ ಸಭೆಯಲ್ಲಿ ಕ್ಲಾರಾ ಲೆಮ್ಲಿಕ್ ಅನ್ನುವ ಹುಡುಗಿ ಎದ್ದು ನಿಂತು ಪೂರ್ವ ಯುರೋಪಿನ ಯಹೂದಿಗಳ ಯಿಡ್ಡಿಷ್ ಭಾಷೆಯಲ್ಲಿ ಮುಷ್ಕರಕ್ಕೆ ಕರೆ ಕೊಟ್ಟಿದ್ದಳು. ಉಕ್ರೇನಿನಲ್ಲಿ ಹುಟ್ಟಿದವಳು. ಸುಮಾರು 20,000 ಹೊಲಿಗೆ ಕೆಲಸಗಾರರು ಕೆಲಸ ಬಿಟ್ಟು ಬೀದಿಗೆ ಬಂದರು. ಬೆಂಕಿಯಾದ ಮೇಲೆ ನ್ಯೂಯಾರ್ಕ್ ರಾಜ್ಯ ಕಾರ್ಖಾನೆಗಳ ತನಿಖೆಗೆ ಆಯೋಗ ಮಾಡಿತು, ಬಾಗಿಲು, ಅಗ್ನಿಸುರಕ್ಷೆ, ಕೆಲಸದ ಹೊತ್ತು ಇದರ ಬಗ್ಗೆ ಸಾಲು ಸಾಲು ಕಾನೂನು ಬಂತು. ಆ ಬೆಂಕಿಯನ್ನು ಬೀದಿಯಲ್ಲಿ ನಿಂತು ಕಣ್ಣಾರೆ ನೋಡಿದ ಫ್ರಾನ್ಸಿಸ್ ಪರ್ಕಿನ್ಸ್ 1933ರಲ್ಲಿ ಇಡೀ ದೇಶದ ಕಾರ್ಮಿಕ ಮಂತ್ರಿಯಾದರು.

ವಲಸಿಗರ ಕೊಡುಗೆ ಅಂದ ಕೂಡಲೇ ತೆರಿಗೆ ಎಷ್ಟು ಕಟ್ಟಿದರು, ಕಂಪನಿ ಎಷ್ಟು ಕಟ್ಟಿದರು ಅಂತ ಲೆಕ್ಕ ಹಾಕುತ್ತೇವೆ. ಕಾರ್ಖಾನೆ ಬಾಗಿಲಿಗೆ ಬೀಗ ಹಾಕಬಾರದು ಅನ್ನುವ ನಿಯಮವೂ ಅವರದೇ ಕೊಡುಗೆ ಅಲ್ವಾ? ಅದರ ಲಾಭ ಅಲ್ಲೇ ಹುಟ್ಟಿ ಬೆಳೆದ ಕೆಲಸಗಾರರಿಗೂ ಸಿಕ್ಕಿತು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಅನ್ನುವುದು ನನಗೆ ಬೇಜಾರು.

ಸರಿ, ಎರಡನೇ ಸಲದ ವಿಷಯ. ತಂಗಿಯ ಜೊತೆ ಹೋದಾಗ ನೋಡಿದ ಟೂರಿನಲ್ಲಿ ನೂರು ವರ್ಷ ಅಂತರದ ಇಬ್ಬರು ಹೆಂಗಸರು. ಮೊದಲನೆಯವಳು ನಟಾಲಿ ಗಂಪರ್ಟ್ಸ್. ಜರ್ಮನ್ ಪ್ರದೇಶದಿಂದ ಬಂದವಳು. 1874ರಲ್ಲಿ ಒಂದು ದಿನ ಕೆಲಸಕ್ಕೆ ಅಂತ ಹೋದ ಗಂಡ ವಾಪಸ್ ಬರಲೇ ಇಲ್ಲ. 1873ರಲ್ಲಿ ಬ್ಯಾಂಕುಗಳು ಬಿದ್ದು ದೇಶದ ತುಂಬಾ ಕೆಲಸ ಇಲ್ಲದ ಕಾಲ ಅದು. ಮಕ್ಕಳನ್ನು ಕಟ್ಟಿಕೊಂಡು ಇವಳು ಮನೆಯಲ್ಲೇ ಉಡುಪು ಹೊಲಿಯೋಕೆ ಕೂತಳು. ಅಕ್ಕಪಕ್ಕದವರೇ ಗಿರಾಕಿಗಳು. ಆಮೇಲೆ ಗಂಡನ ಪಾಲಿಗೆ ಬಂದ 600 ಡಾಲರ್ ಪಿತ್ರಾರ್ಜಿತ ಪಡೆಯೋಕೆ, ಅವನು ಸತ್ತಿದ್ದಾನೆ ಅಂತ ಕೋರ್ಟಿನಲ್ಲಿ ಘೋಷಿಸಬೇಕಾಯಿತು. ಆ ಕೋರ್ಟ್ ಕಾಗದಗಳು ಉಳಿದಿದ್ದರಿಂದಲೇ ಇವಳ ಕಥೆ ಸಿಕ್ಕಿದ್ದು.

ಇನ್ನೊಬ್ಬಳ ಮನೆ ಪಕ್ಕದ 103, ಆರ್ಚರ್ಡ್ ಸ್ಟ್ರೀಟ್ ಕಟ್ಟಡದಲ್ಲಿ. ಚೀನಾದಿಂದ ಬಂದ ತಾಯಿ, 1980ರ ದಶಕದಲ್ಲಿ ಚೈನಾಟೌನಿನ ಗಾರ್ಮೆಂಟ್ ಕಾರ್ಖಾನೆಯಲ್ಲಿ ಕೆಲಸ. 1965ರಲ್ಲಿ ವಲಸೆ ಕಾನೂನು ಬದಲಾಗಿ, ಇಂತಿಂಥ ದೇಶಕ್ಕೆ ಇಷ್ಟೇ ಅಂತ ಇದ್ದ ಹಳೇ ಕೋಟಾ ಹೋದ ಮೇಲೆ ಬಂದ ತಲೆಮಾರು. ಆ ಕಾರ್ಖಾನೆಯ ಒಂದು ಮೂಲೆಯನ್ನು ಮ್ಯೂಸಿಯಮ್ಮಿನವರು ಮರುಸೃಷ್ಟಿ ಮಾಡಿದ್ದಾರೆ. ಸಾಲಾಗಿ ಹೊಲಿಗೆ ಮಷಿನ್. ಒಂದೊಂದರ ಮುಂದೆ ಕೂತು ಕೇಳಬಹುದು, ಅಲ್ಲಿ ಕೆಲಸ ಮಾಡಿದವರ, ಅವರ ಮಕ್ಕಳ ನೆನಪುಗಳು ಬರುತ್ತವೆ. ಪೀಸ್ ರೇಟ್ ಕೆಲಸ. ಎಷ್ಟು ಪೀಸೋ ಅಷ್ಟು ದುಡ್ಡು. ಯೂನಿಯನ್ ಇದ್ದಿದ್ದರಿಂದ ಇಡೀ ಸಂಸಾರಕ್ಕೆ ಆಸ್ಪತ್ರೆ ಖರ್ಚಿನ ವಿಮೆ ಸಿಗುತ್ತಿತ್ತು. ಗಂಡಸರು ಹೋಟೆಲ್ ಕೆಲಸದಲ್ಲಿ, ಅಲ್ಲಿ ಅದು ಇರುತ್ತಿರಲಿಲ್ಲ. ಹಾಗಾಗಿ ಎಷ್ಟೋ ಮನೆಗೆ ಹೊಲಿಗೆ ಮಾಡುವ ಹೆಂಗಸಿನ ಕೆಲಸವೇ ಆಸರೆ. 1982ರ ಬೇಸಿಗೆಯಲ್ಲಿ ಒಪ್ಪಂದಕ್ಕೆ ಮಾಲೀಕರು ಸಹಿ ಹಾಕಲ್ಲ ಅಂದಾಗ, ಅಲ್ಲೇ ಚೈನಾಟೌನಿನಲ್ಲಿ ಸುಮಾರು 20,000 ಕೆಲಸಗಾರರು ಬೀದಿಗಿಳಿದರು. ಬಹುತೇಕ ಎಲ್ಲರೂ ಹೆಂಗಸರು.

1909ರಲ್ಲೂ 20,000, 1982ರಲ್ಲೂ 20,000. ಭಾಷೆ ಬೇರೆ, ದೇಶ ಬೇರೆ, ಏರಿಯಾ ಅದೇ, ಮಷಿನ್ ಅದೇ. ತಂಗಿ ಹೆಡ್‌ಫೋನ್ ತೆಗೆದು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ನಮ್ಮ ವಾರ್ಡಿನಲ್ಲಿ ನೈಟ್ ಶಿಫ್ಟಿಗೆ ಬರೋರನ್ನ ನೋಡಬೇಕು ನೀನು. ಫಿಲಿಪ್ಪೀನ್ಸ್, ಜಮೈಕಾ, ಹೈಟಿ, ನಾನು. ನಾವೆಲ್ಲಾ ಒಂದು ದಿನ ಬರದಿದ್ರೆ ವಾರ್ಡ್ ಮುಚ್ಚಬೇಕು," ಅಂದಳು.

ಅವಳ ಮಾತು ತಲೆಯಲ್ಲಿ ಕೂತು, ಮನೆಗೆ ಬಂದ ಮೇಲೆ ಇನ್ನಷ್ಟು ಓದಿದೆ. 1980ರಲ್ಲಿ ಕ್ಯೂಬಾದಿಂದ ಸುಮಾರು 1,25,000 ಜನ ದೋಣಿ ಹತ್ತಿ ಅಮೆರಿಕಕ್ಕೆ ಬಂದರು. ಅದರಲ್ಲಿ ಅರ್ಧದಷ್ಟು ಜನ ಮಯಾಮಿಯಲ್ಲೇ ಉಳಿದರು. ಕೆಲವೇ ತಿಂಗಳಲ್ಲಿ ಆ ಊರಿನ ಕೆಲಸಗಾರರ ಸಂಖ್ಯೆ ಶೇಕಡಾ 7ರಷ್ಟು ಏರಿತು. ಸ್ಥಳೀಯರ ಕೂಲಿ ಬೀಳಬೇಕಿತ್ತು, ಅಲ್ವಾ? ಡೇವಿಡ್ ಕಾರ್ಡ್ ಅನ್ನುವ ಅರ್ಥಶಾಸ್ತ್ರಜ್ಞ ಲೆಕ್ಕ ಹಾಕಿ, ಹೆಚ್ಚುಕಡಿಮೆ ಏನೂ ಆಗಲಿಲ್ಲ ಅಂತ 1990ರಲ್ಲಿ ಬರೆದರು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಇದನ್ನು ಒಪ್ಪದವರೂ ಇದ್ದಾರೆ. ಜಾರ್ಜ್ ಬೋರ್ಹಾಸ್ ಅನ್ನುವವರು ಅದೇ ಲೆಕ್ಕವನ್ನು ಬೇರೆ ರೀತಿ ಹಾಕಿ, ಹೈಸ್ಕೂಲೂ ಮುಗಿಸದ ಗಂಡಸರ ಕೂಲಿ ಜೋರಾಗಿಯೇ ಬಿತ್ತು ಅನ್ನುತ್ತಾರೆ. ಅವರೂ ಕ್ಯೂಬಾದಲ್ಲಿ ಹುಟ್ಟಿ ಹುಡುಗನಾಗಿ ಅಮೆರಿಕಕ್ಕೆ ಬಂದವರೇ. ಜಗಳ ಇನ್ನೂ ಮುಗಿದಿಲ್ಲ. ನನಗೆ ಅನ್ನಿಸುವುದು ಇಷ್ಟು: ತೀರಾ ಕೆಳಗಿನ ಕೂಲಿಯವನಿಗೆ ಏಟು ಬೀಳುತ್ತದೆ ಅನ್ನುವ ಭಯವನ್ನು ತಳ್ಳಿಹಾಕಬಾರದು, ಅವನಿಗೆ ಯೂನಿಯನ್ ಬೇಕು, ಕನಿಷ್ಠ ಕೂಲಿ ಬೇಕು. ಆದರೆ ಬಂದವರಿಂದ ಊರಿನಲ್ಲಿ ಕೆಲಸವೇ ಕಡಿಮೆಯಾಗುತ್ತದೆ ಅನ್ನುವುದನ್ನು ಆರ್ಚರ್ಡ್ ಸ್ಟ್ರೀಟ್ ನೋಡಿದ ಮೇಲೆ ನಾನು ನಂಬಲ್ಲ. ಬಂದವರು ಉಣ್ಣುತ್ತಾರೆ, ಉಡುತ್ತಾರೆ, ಬಾಡಿಗೆ ಕಟ್ಟುತ್ತಾರೆ, ಅಂಗಡಿ ಇಡುತ್ತಾರೆ.

ಇನ್ನು ಹೋಗುವವರಿಗೆ ಒಂದೆರಡು ಮಾತು. ಸಬ್‌ವೇಯಲ್ಲಿ ಡಿಲಾನ್ಸಿ-ಎಸೆಕ್ಸ್ ಸ್ಟೇಷನ್ನಿನಲ್ಲಿ ಇಳಿದರೆ ಹತ್ತಿರ. ಟಿಕೆಟ್ ಮುಂಚೆಯೇ ಆನ್‌ಲೈನಿನಲ್ಲಿ ತಗೊಳ್ಳಿ, ಟೂರ್ ಬೇಗ ತುಂಬಿಹೋಗುತ್ತದೆ. ದರ ಅವರ ಸೈಟಿನಲ್ಲೇ ನೋಡಿಕೊಳ್ಳಿ. ಅಗ್ಗ ಅಂತ ಹೇಳಲಾರೆ, ಆದರೆ ಕೊಟ್ಟ ದುಡ್ಡಿಗೆ ನನಗೆ ಒಂದು ಚೂರೂ ಬೇಸರವಿಲ್ಲ. 97ನೇ ನಂಬರ್ ಹಳೇ ಕಟ್ಟಡ, ಮೆಟ್ಟಿಲು ಕಿರಿದು, ಮಂಡಿ ನೋವಿನವರು ಬುಕ್ ಮಾಡುವ ಮುಂಚೆ ಕೇಳಿಕೊಳ್ಳಿ. ತುಂಬಾ ಚಿಕ್ಕ ಮಕ್ಕಳಿಗೆ ಒಂದು ಗಂಟೆ ನಿಂತು ಕೇಳುವುದು ಕಷ್ಟ. 103ರಲ್ಲಿ ಪುಸ್ತಕದ ಅಂಗಡಿ ಚೆನ್ನಾಗಿದೆ, ಟೂರಿಗಿಂತ ಅರ್ಧ ಗಂಟೆ ಮುಂಚೆ ಹೋಗಿ. ಗೈಡನ್ನು ಪ್ರಶ್ನೆ ಕೇಳಿ. ಕೇಳಿದಷ್ಟೂ ಹೇಳುತ್ತಾರೆ.

ಎರಡನೇ ಸಲ ಹೊರಡುವಾಗ ಅಮ್ಮ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿಕೊಂಡು ಬಾ ಅಂದಿದ್ದಳು. ಕಿಟಕಿ ಹತ್ತಿರ ಮಷಿನ್ ಮೇಲೆ ಕೂತವರಿಗೂ, ಒಳಗೆ ಕತ್ತಲಲ್ಲಿ ಕೂತು ಅಂಚು, ಗುಂಡಿ ಮಾಡುವವರಿಗೂ ಒಂದೇ ಕೂಲಿನಾ ಅಂತ. ಗೈಡ್ ಹೇಳಿದ, ಇಲ್ಲ, ಮಷಿನ್ನಿನವರಿಗೆ ಜಾಸ್ತಿ, ಕೈಹೊಲಿಗೆಯವರಿಗೆ ಕಡಿಮೆ, ಕೈಹೊಲಿಗೆಗೆ ಹೆಚ್ಚಾಗಿ ಹುಡುಗಿಯರನ್ನೇ ಇಟ್ಟುಕೊಳ್ಳುತ್ತಿದ್ದರು ಅಂತ. ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

"ಗೊತ್ತಿತ್ತು," ಅಂದಳು. "ಕಣ್ಣು ಹೋಗೋದು ಮಾತ್ರ ಅವರದೇ."